ಅವರವರ ಚೀಲ, ನನ್ನ ಹಪ್ಪಳ

ಸ್ವೀಡನ್ನಿನ ಉಪ್ಸಾಲಾಕ್ಕೆ ಓದಲು ಹೋಗಿ ಎರಡನೇ ವಾರ. ಶುಕ್ರವಾರ ಸಂಜೆ ನಮ್ಮ ಹಾಸ್ಟೆಲ್ ಕಾರಿಡಾರಿನ ಹುಡುಗಿಯೊಬ್ಬಳು ಬಾಗಿಲು ತಟ್ಟಿದಳು. "ಇವತ್ತು ನಮ್ಮ ಅಡುಗೆಮನೆಯಲ್ಲಿ ಫೋರ್‌ಫೆಸ್ಟ್ ಇದೆ, ನೀನೂ ಬಾ" ಅಂದಳು. ಫೋರ್‌ಫೆಸ್ಟ್ ಅಂದರೆ ಪಾರ್ಟಿಗೆ ಹೋಗುವ ಮುಂಚೆ ಮಾಡುವ ಪಾರ್ಟಿ. ಕರೆದಿದ್ದಾರೆ ಅಂದಮೇಲೆ ಬರಿಗೈಯಲ್ಲಿ ಹೋಗೋದು ಹೇಗೆ? ಅಮ್ಮ ಕಟ್ಟಿಕೊಟ್ಟಿದ್ದ ಹಲಸಿನ ಹಪ್ಪಳ ಇತ್ತು. ಇಪ್ಪತ್ತು ಹಪ್ಪಳ ಕರಿದೆ. ದೊಡ್ಡ ಪಾತ್ರೆಯಲ್ಲಿ ಹಾಕಿ ಮೇಜಿನ ನಡುವೆ ಇಟ್ಟೆ.

ಏಳೂವರೆಗೆ ಅಂತ ಹೇಳಿದ್ದರು. ಏಳೂವರೆಗೆ ಸರಿಯಾಗಿ ಎಲ್ಲರೂ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಲ. ಕೂತು, ಚೀಲವನ್ನು ಕಾಲ ಬುಡದಲ್ಲಿ ಇಟ್ಟುಕೊಂಡರು. ಅದರಿಂದ ಒಂದು ಬಿಯರ್ ಕ್ಯಾನ್ ತೆಗೆದರು. ಅದು ಮುಗಿದ ಮೇಲೆ ಮತ್ತೆ ಬಗ್ಗಿ ಇನ್ನೊಂದು. ಪಕ್ಕದವರಿಗೆ "ನಿಂಗೆ ಬೇಕಾ" ಅಂತ ಯಾರೂ ಕೇಳಲಿಲ್ಲ. ಕರೆದವಳೂ ಕೇಳಲಿಲ್ಲ. ಹಪ್ಪಳದ ಪಾತ್ರೆ ಅರ್ಧ ಗಂಟೆ ಹಾಗೇ ಇತ್ತು. ಎಲ್ಲರ ಕಣ್ಣೂ ಅದರ ಮೇಲೆ, ಕೈ ಮಾತ್ರ ಯಾರದ್ದೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ಹುಡುಗ ಮೆಲ್ಲಗೆ "ಇದು ಯಾರದ್ದು?" ಅಂತ ಕೇಳಿದ.

"ಎಲ್ಲರದ್ದು" ಅಂದೆ.

"ಎಲ್ಲರದ್ದು ಅಂದರೆ?"

"ನಿಂದೂ ಸೇರಿ."

ಐದು ನಿಮಿಷದಲ್ಲಿ ಪಾತ್ರೆ ಖಾಲಿ.

ನಾನು ಶಿರಸಿ ಕಡೆಯ ಹವ್ಯಕರ ಮನೆಯಲ್ಲಿ ಬೆಳೆದವಳು. ನಮ್ಮಲ್ಲಿ ಯಾರು ಜಗುಲಿ ಹತ್ತಿದರೂ ಮೊದಲು ಕೇಳುವ ಮಾತು "ಆಸ್ರಿಗೆ ಎಂತ ಮಾಡ್ಲಿ?" ಕುಡಿಯೋಕೆ ಏನು ಕೊಡಲಿ ಅಂತ. ಕಷಾಯ, ಮಜ್ಜಿಗೆ, ಪಾನಕ, ಚಾ. ಏನೂ ಬೇಡ ಅಂದರೆ ನೀರು, ಬೆಲ್ಲ. ಬಂದವರು ಯಾರು, ಯಾಕೆ ಬಂದರು ಅನ್ನೋದೆಲ್ಲ ಆಮೇಲೆ. ಹಾಗಾಗಿ ಆ ರಾತ್ರಿ ನನಗೆ ನಿಜವಾಗಿ ಬೇಜಾರಾಯಿತು. ನಾನು ಕುಡಿಯುವವಳಲ್ಲ, ಅವರ ಬಿಯರ್ ನನಗೆ ಬೇಕಿರಲಿಲ್ಲ. ಆದರೆ ಒಂದು ಲೋಟ ನೀರು ಬೇಕಾ ಅಂತಾದರೂ ಕೇಳಬಹುದಿತ್ತು ಅಲ್ವಾ? ಇವರು ಇಷ್ಟು ಜಿಪುಣರಾ ಅಂತ ಅಂದುಕೊಂಡು ಮಲಗಿದೆ. ಹಾಗೆ ಅಂದುಕೊಂಡಿದ್ದು ತಪ್ಪು ಅಂತ ತಿಳಿಯಲು ಒಂದಿಡೀ ಚಳಿಗಾಲ ಬೇಕಾಯಿತು.

ಆ ಚೀಲದ ಹಿಂದೆ ದೊಡ್ಡ ಕಥೆ ಇದೆ. ಸ್ವೀಡನ್ನಿನಲ್ಲಿ ಶೇಕಡಾ 3.5ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇರುವ ಬಿಯರ್ ಆಗಲಿ, ವೈನ್ ಆಗಲಿ ಮನೆಗೆ ಒಯ್ಯಬೇಕು ಅಂದರೆ ಸಾಮಾನ್ಯವಾಗಿ ಸರ್ಕಾರದ ಅಂಗಡಿಗೇ ಹೋಗಬೇಕು. ಅದರ ಹೆಸರು ಸಿಸ್ಟೆಮ್‌ಬೊಲಾಗೆಟ್. ಶನಿವಾರ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆಲ್ಲ ಬಾಗಿಲು ಹಾಕುತ್ತಾರೆ. ಭಾನುವಾರ ತೆಗೆಯುವುದೇ ಇಲ್ಲ. ಬಾರಿನಲ್ಲಿ ಕೂತು ಕುಡಿಯಲು 18 ವರ್ಷ ಆಗಿದ್ದರೆ ಸಾಕು, ಈ ಅಂಗಡಿಯಲ್ಲಿ ಕೊಳ್ಳಲು 20 ಆಗಿರಬೇಕು. ತೆರಿಗೆ ಜಾಸ್ತಿ, ಬೆಲೆ ಜಾಸ್ತಿ. ಬಾರಿನಲ್ಲಂತೂ ಇನ್ನೂ ಜಾಸ್ತಿ. ಅದಕ್ಕೇ ಮೊದಲು ಅಡುಗೆಮನೆಯಲ್ಲಿ ಕೂತು ಅವರವರದ್ದು ಅವರವರು ಕುಡಿದು ಆಮೇಲೆ ಹೊರಗೆ ಹೋಗುತ್ತಾರೆ.

ಕುಡಿತದ ಜೊತೆ ಈ ದೇಶದ ಜಗಳ ಹಳೆಯದು. 1922ರಲ್ಲಿ ಪೂರ್ತಿ ನಿಷೇಧ ಬೇಕಾ ಬೇಡವಾ ಅಂತ ಜನರನ್ನೇ ಕೇಳಿದ್ದರು. ಬೇಡ ಅಂದವರು ಶೇಕಡಾ 51, ಬೇಕು ಅಂದವರು 49. ಅಷ್ಟು ಸಣ್ಣ ಅಂತರ. ಆಗ ಜಾರಿಯಲ್ಲಿದ್ದದ್ದು ಮೂತ್‌ಬೂಕ್ ಎಂಬ ಪುಸ್ತಕ. ನಮ್ಮ ರೇಷನ್ ಕಾರ್ಡಿನ ಹಾಗೆ. ಇಷ್ಟು ಕೊಂಡೆ ಅಂತ ಅದರಲ್ಲಿ ಬರೆಸಿಕೊಳ್ಳಬೇಕು. ಮದುವೆಯಾದ ಹೆಂಗಸರಿಗೆ ಸಾಮಾನ್ಯವಾಗಿ ಆ ಪುಸ್ತಕವನ್ನೇ ಕೊಡುತ್ತಿರಲಿಲ್ಲ. ಇದು 1955ರವರೆಗೂ ನಡೆಯಿತು. ನಮ್ಮ ಕಾರಿಡಾರಿನ ಹುಡುಗರ ಅಜ್ಜ, ಮುತ್ತಜ್ಜಂದಿರ ಕಾಲದವರು ಪುಸ್ತಕ ಹಿಡಿದು ಸಾಲಲ್ಲಿ ನಿಂತವರು. ಇಷ್ಟು ನನ್ನದು, ಅಷ್ಟು ನಿನ್ನದು ಅನ್ನುವ ಲೆಕ್ಕ ಅಷ್ಟು ಬೇಗ ಹೋಗುತ್ತಾ?

ಇನ್ನೊಂದು ಕಾರಣವನ್ನು ಅವತ್ತು ನನ್ನನ್ನು ಕರೆದ ಹುಡುಗಿಯೇ ಆಮೇಲೆ ಹೇಳಿದಳು. ಅವಳು ಉತ್ತರದ ಕಿರುನಾ ಊರಿನವಳು. ಚಳಿಗಾಲದಲ್ಲಿ ಕೆಲವು ವಾರ ಸೂರ್ಯನೇ ಹುಟ್ಟದ ಊರು ಅದು. "ನಾನು ನಿನಗೊಂದು ಬಿಯರ್ ಕೊಟ್ಟರೆ ನೀನು ನನಗೆ ವಾಪಸ್ ಕೊಡಬೇಕಲ್ಲ ಅಂತ ನಿನ್ನ ತಲೆಯಲ್ಲಿ ಕೂರುತ್ತೆ. ನಿನಗೆ ಆ ಭಾರ ಯಾಕೆ ಕೊಡಲಿ?" ಅಂದಳು. ನಾನು ಸುಮ್ಮನಾದೆ. ನಮ್ಮಲ್ಲಿ ಋಣ ಅಂತೀವಲ್ಲ, ಅದೇ. ನಾವು ಋಣದಿಂದ ಹತ್ತಿರವಾಗುತ್ತೇವೆ. ಇವತ್ತು ನೀವು ಬಡಿಸಿದಿರಿ, ನಾಳೆ ನಿಮ್ಮ ಮನೆ ಕೆಲಸಕ್ಕೆ ನಾನು ಬರುತ್ತೇನೆ. ಅವರು ಇನ್ನೊಬ್ಬರ ಮೇಲೆ ಋಣ ಹೊರಿಸದಿರುವುದನ್ನೇ ಮರ್ಯಾದೆ ಅಂದುಕೊಂಡಿದ್ದಾರೆ.

ನಾನಿದ್ದದ್ದು ಫ್ಲೊಗ್‌ಸ್ಟಾದಲ್ಲಿ. ಉಪ್ಸಾಲಾ ಪೇಟೆಯಿಂದ ಪಶ್ಚಿಮಕ್ಕೆ ಸೈಕಲ್ಲಿನಲ್ಲಿ ಹದಿನೈದು, ಇಪ್ಪತ್ತು ನಿಮಿಷ. ಎತ್ತರದ ಒಂದೇ ಥರದ ಕಟ್ಟಡಗಳು, ಒಳಗೆಲ್ಲ ವಿದ್ಯಾರ್ಥಿಗಳು. ಒಂದು ಕಾರಿಡಾರಿಗೆ ಹನ್ನೆರಡು ಕೋಣೆ, ಹನ್ನೆರಡು ಜನಕ್ಕೆ ಒಂದು ಅಡುಗೆಮನೆ. ಫ್ರಿಜ್ಜಿನಲ್ಲಿ ಯಾರ ತಟ್ಟೆ ಯಾವುದು ಅಂತ ಹೆಸರಿನ ಚೀಟಿ. ಗುಡಿಸುವ ಸರದಿಯ ಪಟ್ಟಿ ಗೋಡೆಯ ಮೇಲೆ. ಹಗಲಿನಲ್ಲಿ ಎದುರಾದರೆ "ಹೇಯ್" ಅನ್ನುತ್ತಾರೆ. ಅದು ನಮಸ್ಕಾರ. ಅಷ್ಟಕ್ಕೇ ಮುಗಿಯಿತು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಾಗುವ ಮೊದಲೇ ಸೂರ್ಯ ಮುಳುಗುತ್ತಾನೆ. ಬಾಗಿಲು ಹಾಕಿಕೊಂಡು ಕೂತ ಹನ್ನೆರಡು ಜನ, ಹನ್ನೆರಡು ಕೋಣೆ. ಗೋಡೆಯಾಚೆ ಯಾರೋ ಕೆಮ್ಮಿದ್ದು ಕೇಳುತ್ತದೆ, ಅವರ ಹೆಸರು ಗೊತ್ತಿರುವುದಿಲ್ಲ.

ರಾತ್ರಿ ಹತ್ತಕ್ಕೆ ಮಾತ್ರ ಬೇರೆಯೇ. ಸರಿಯಾಗಿ ಹತ್ತಕ್ಕೆ ಯಾವುದೋ ಒಂದು ಕಿಟಕಿ ತೆರೆದು ಯಾರೋ ಜೋರಾಗಿ ಕೂಗುತ್ತಾರೆ. ಎದುರಿನ ಕಟ್ಟಡದಿಂದ ಇನ್ನೊಬ್ಬರು. ಮೇಲಿನ ಮಹಡಿ, ಕೆಳಗಿನ ಮಹಡಿ, ಬಾಲ್ಕನಿ. ಒಂದೆರಡು ನಿಮಿಷ ಇಡೀ ಬಡಾವಣೆ ಕೂಗುತ್ತದೆ. ಆಮೇಲೆ ಕಿಟಕಿಗಳು ಮುಚ್ಚುತ್ತವೆ. ಇದು 1970ರ ದಶಕದಿಂದಲೂ ಇದೆ ಅಂತಾರೆ. ಫ್ಲೊಗ್‌ಸ್ಟಾದ ಕೂಗು ಅಂತಲೇ ಹೆಸರು. ಮೊದಲ ರಾತ್ರಿ ಕೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು, ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡಿದ್ದೆ. ಪರೀಕ್ಷೆ ಹತ್ತಿರ ಬಂದ ಹಾಗೆ ಕೂಗು ಜೋರಾಗುತ್ತದೆ. ನವೆಂಬರಿನ ಒಂದು ರಾತ್ರಿ ನಾನೂ ಕಿಟಕಿ ತೆರೆದೆ. ಮೂರು ದಿನದಿಂದ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. "ಅಮ್ಮಾ" ಅಂತ ಕೂಗಿದೆ. ಎದುರಿನಿಂದ ಯಾರೋ ಅದನ್ನೇ ತಿರುಗಿ ಕೂಗಿದರು. ಅವರಿಗೆ ಅರ್ಥ ಗೊತ್ತಿರಲಿಲ್ಲ. ನನಗೆ ಅಳು ಬಂತು.

ಈಗ ನೇಷನ್ ಎಂಬ ವಿದ್ಯಾರ್ಥಿ ಸಂಘಗಳ ವಿಷಯ. ಉಪ್ಸಾಲಾ ವಿಶ್ವವಿದ್ಯಾಲಯ ಶುರುವಾಗಿದ್ದು 1477ರಲ್ಲಿ. ಧಾರವಾಡ, ಬೆಂಗಳೂರಿನ ಹಾಸ್ಟೆಲುಗಳಲ್ಲಿ ಒಂದೇ ತಾಲೂಕಿನ ಹುಡುಗರು ಒಟ್ಟಾಗುತ್ತಾರಲ್ಲ, 17ನೇ ಶತಮಾನದಲ್ಲಿ ಇಲ್ಲಿ ಆದದ್ದೂ ಅದೇ. ಒಂದೊಂದು ಸೀಮೆಯಿಂದ ಬಂದ ಹುಡುಗರು ಗುಂಪು ಕಟ್ಟಿಕೊಂಡರು. ಆ ಗುಂಪುಗಳೇ ನೇಷನ್‌ಗಳು. ಇವತ್ತು ಉಪ್ಸಾಲಾದಲ್ಲಿ ಹದಿಮೂರು ಇವೆ. ಸ್ಮೋಲಂಡ್, ಗೊಟ್‌ಲಂಡ್, ವೆರ್ಮ್‌ಲಂಡ್, ಹೀಗೆ ಸೀಮೆಗಳ ಹೆಸರೇ. ಈಗ ಯಾರು ಯಾವುದಕ್ಕೆ ಬೇಕಾದರೂ ಸೇರಬಹುದು. 2010ರವರೆಗೆ ಸೇರುವುದು ಕಡ್ಡಾಯವಾಗಿತ್ತು, ಆಮೇಲೆ ಅವರವರ ಇಷ್ಟ. ಒಂದೊಂದಕ್ಕೂ ಸ್ವಂತ ಕಟ್ಟಡ, ಗ್ರಂಥಾಲಯ, ಅಡುಗೆಮನೆ, ಪಬ್, ಗಾಯನ ತಂಡ. ನಡೆಸುವವರೆಲ್ಲ ವಿದ್ಯಾರ್ಥಿಗಳೇ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಹುಡುಗಿ ಓದಿಗೆ ಒಂದು ವರ್ಷ ಬಿಡುವು ಕೊಟ್ಟು ಇಡೀ ನೇಷನ್ನಿನ ಲೆಕ್ಕ, ಸಿಬ್ಬಂದಿ, ಕಟ್ಟಡ ಎಲ್ಲ ನೋಡಿಕೊಳ್ಳುತ್ತಾಳೆ. ನಮ್ಮ ಕಾಲೇಜುಗಳಲ್ಲಿ ಆ ವಯಸ್ಸಿನವರಿಗೆ ಸಭಾಂಗಣದ ಬೀಗದ ಕೈ ಕೂಡ ಕೊಡುವುದಿಲ್ಲ. ಇದನ್ನು ನೋಡಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ನೇಷನ್ನಿನ ದೊಡ್ಡ ಊಟಕ್ಕೆ ಉಪ್ಸಾಲಾದಲ್ಲಿ ಗಾಸ್ಕ್ ಅಂತಾರೆ. ಬೇರೆ ಊರುಗಳಲ್ಲಿ ಸಿಟ್ನಿಂಗ್ ಅಂತಾರೆ, ಕೂರುವುದು ಅಂತ ಅರ್ಥ. ಹೆಸರು ಕೊಡುವಾಗಲೇ ಎರಡು ಪ್ರಶ್ನೆ ಕೇಳಿದರು. ಮಾಂಸ ತಿನ್ನುತ್ತೀಯಾ ಇಲ್ಲವಾ? ಆಲ್ಕೋಹಾಲ್ ಬೇಕಾ ಬೇಡವಾ? ಎರಡಕ್ಕೂ ಬೇಡ ಅಂತ ಗುರುತು ಹಾಕಿದೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಉಡುಪಿಗೆ ನಿಯಮ ಇತ್ತು. ಸ್ವೀಡನ್ನಿನಲ್ಲಿ ಅವರವರ ನಾಡಿನ ಉಡುಪು ಅತಿ ದೊಡ್ಡ ಸಮಾರಂಭಕ್ಕೂ ನಡೆಯುತ್ತದೆ. ಅಮ್ಮನ ಮೈಸೂರು ರೇಷ್ಮೆ ಸೀರೆ ಉಟ್ಟೆ. ಮೇಲೆ ದಪ್ಪ ಕೋಟು, ಕಾಲಿಗೆ ಹಿಮದ ಬೂಟು. ಬಾಗಿಲಲ್ಲಿ ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಂಡೆ.

ಉದ್ದ ಉದ್ದ ಮೇಜು. ಮೇಣದ ಬತ್ತಿ. ಎಲ್ಲಿ ಬೇಕೋ ಅಲ್ಲಿ ಕೂರುವ ಹಾಗಿಲ್ಲ, ಹೆಸರಿನ ಚೀಟಿ ಇಟ್ಟಿರುತ್ತಾರೆ. ಒಬ್ಬ ಹುಡುಗ, ಒಬ್ಬ ಹುಡುಗಿ, ಹೀಗೆ ಸಾಲು. ಎಡಗಡೆ ಕೂತ ಹುಡುಗ ಆ ರಾತ್ರಿ ನನ್ನ ಜೊತೆ ಮಾತಾಡಲೇಬೇಕು, ಅದು ಅವನ ಕರ್ತವ್ಯ. ಹಗಲಿನಲ್ಲಿ ಲಿಫ್ಟಿನೊಳಗೆ ನೆಲ ನೋಡುತ್ತ ನಿಲ್ಲುವ ಜನ ಇವರೇನಾ ಅನ್ನಿಸಿತು. ಅವನು ಕಾಡಿನ ಬಗ್ಗೆ ಓದುತ್ತಿದ್ದ. ಅಡಿಕೆ ತೋಟ ಅಂದರೇನು, ಕೊಳೆರೋಗ ಅಂದರೇನು, ಬೋರ್ಡೋ ದ್ರಾವಣ ಹೇಗೆ ಹೊಡೆಯುತ್ತಾರೆ ಅಂತ ಕೇಳುತ್ತಲೇ ಹೋದ. ಬಲಗಡೆಯವನಿಗೂ ಕುತೂಹಲ.

ಆಮೇಲೆ ಹಾಡು. ಪ್ರತಿಯೊಬ್ಬರ ತಟ್ಟೆಯ ಪಕ್ಕ ಹಾಡಿನ ಪುಟ್ಟ ಪುಸ್ತಕ. ಹಾಡಿಸಲು ಒಬ್ಬ ಮುಂದಾಳು. ಸೂಪಿಗೆ ಮೊದಲು ಹಾಡು, ಊಟದ ನಡುವೆ ಹಾಡು, ಸಿಹಿಗೆ ಮುಂಚೆ ಹಾಡು. ಎಲ್ಲರಿಗೂ ಗೊತ್ತಿರುವ ಧಾಟಿಗೆ ಹೊಸ ಸಾಲು ಕಟ್ಟಿರುತ್ತಾರೆ. ಹಾಡು ಮುಗಿದ ಕೂಡಲೇ ಲೋಟ ಎತ್ತಿ "ಸ್ಕೋಲ್" ಅನ್ನಬೇಕು. ಅದಕ್ಕೂ ಕ್ರಮ ಇದೆ. ಎಡಗಡೆಯವರ ಕಣ್ಣು ನೋಡು, ಬಲಗಡೆಯವರ ಕಣ್ಣು ನೋಡು, ಎದುರಿನವರ ಕಣ್ಣು ನೋಡು, ಆಮೇಲೆ ಕುಡಿ. ಕುಡಿದ ಮೇಲೆ ಮತ್ತೆ ಕಣ್ಣು ನೋಡಿಯೇ ಲೋಟ ಕೆಳಗಿಡು. ನನ್ನ ಲೋಟದಲ್ಲಿ ಇದ್ದದ್ದು ಫ್ಲೇಡರ್ ಎಂಬ ಬಿಳಿ ಹೂವಿನ ಪಾನಕ. ಒಂದು ಸಂಜೆಯಲ್ಲಿ ಅಷ್ಟು ಜನ ನನ್ನ ಕಣ್ಣನ್ನು ನೇರವಾಗಿ ನೋಡಿದ್ದು ಆ ದೇಶಕ್ಕೆ ಹೋದಮೇಲೆ ಅದೇ ಮೊದಲು.

ನಡುವೆ ಎದ್ದು ಹೋಗುವ ಹಾಗಿಲ್ಲ. ಬಿಡುವು ಕೊಟ್ಟಾಗ ಮಾತ್ರ ಏಳಬೇಕು. ಇದನ್ನು ಕೇಳಿದ ಕ್ಷಣ ನನಗೆ ನಮ್ಮೂರಿನ ಮದುವೆ ಊಟದ ಹಂತಿ ಕಣ್ಣಿಗೆ ಕಟ್ಟಿತು. ಬಾಳೆಲೆಯ ಸಾಲು. ಅಪ್ಪೆಹುಳಿ ಬಂದು ಹೋಗಿದೆ, ಹೋಳಿಗೆ ಇನ್ನೂ ಬರಬೇಕು. ಅಷ್ಟರಲ್ಲಿ ಯಾರೋ ಹಿರಿಯರು ಗಂಟಲು ಸರಿಮಾಡಿಕೊಂಡು ಶ್ಲೋಕ ಶುರುಮಾಡುತ್ತಾರೆ. ಮುಗಿದ ಕೂಡಲೇ ಇಡೀ ಹಂತಿ "ಹರ ಹರ ಮಹಾದೇವ" ಅನ್ನುತ್ತದೆ. ಆ ತುದಿಯಿಂದ ಇನ್ನೊಬ್ಬರು ಅದಕ್ಕಿಂತ ಚೆಂದದ್ದು ಹೇಳುತ್ತಾರೆ. ಎಲ್ಲರದ್ದೂ ಮುಗಿಯುವವರೆಗೆ ಯಾರೂ ಏಳುವ ಹಾಗಿಲ್ಲ. ಎಷ್ಟೋ ಸಾವಿರ ಮೈಲಿ ದೂರ, ಒಂದು ಕಡೆ ಮಡಿ, ಇನ್ನೊಂದು ಕಡೆ ಮದ್ಯ. ಆದರೂ ಎರಡೂ ಕಡೆ ಜನಕ್ಕೆ ಬೇಕಾದದ್ದು ಒಂದೇ ಅನ್ನಿಸಿತು. ನಾಚಿಕೆಯ ಮನುಷ್ಯನಿಗೆ ಬಾಯಿ ತೆರೆಯಲು ಒಂದು ನೆಪ ಬೇಕು, ಒಂದು ಕ್ರಮ ಬೇಕು. ನಮ್ಮ ದೊಡ್ಡಪ್ಪ ಹಾಗೆಯೇ. ವರ್ಷವಿಡೀ ನಾಲ್ಕು ಮಾತಾಡದವರು ಹಂತಿಯಲ್ಲಿ ಕೂತರೆ ದನಿ ಎತ್ತಿ ಶ್ಲೋಕ ಹೇಳುತ್ತಿದ್ದರು.

ಕೊನೆಯ ಹಾಡಿಗೆ ಎಲ್ಲರೂ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಾರೆ. ಆ ಹಾಡು ಮುಗಿದ ಮೇಲೆ ಮತ್ತೆ ಆ ಮೇಜಿಗೆ ಕೂರಬಾರದು. ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು ಕುರ್ಚಿ ಹತ್ತಿದೆ. ಎಡಗಡೆಯ ಹುಡುಗ ಕೈ ಹಿಡಿದುಕೊಂಡ. ನನಗೆ ಇಲ್ಲಿ ಒಬ್ಬ ಗೆಳೆಯ ಸಿಕ್ಕ ಅಂತ ಖುಷಿಯಲ್ಲಿ ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಅವನೇ ಇದ್ದ. ಎರಡು ಸೀಟು ಮುಂದೆ. ನಾನು ನಕ್ಕೆ. ಅವನ ಕಣ್ಣು ನನ್ನ ಮೇಲೆ ಬಂತು, ಕಿಟಕಿಯ ಕಡೆ ಹೋಯಿತು. ಪೇಟೆ ಬರುವವರೆಗೂ ಅವನು ತಿರುಗಲಿಲ್ಲ.

ಇದು ಎಷ್ಟು ನೋವು ಕೊಟ್ಟಿತು ಅಂತ ಈಗ ಬರೆಯುವಾಗಲೂ ನೆನಪಾಗುತ್ತದೆ. ಸೀರೆ ಉಟ್ಟಿದ್ದವಳು ಜಾಕೆಟ್ಟಿನಲ್ಲಿ ಬಂದರೆ ಗುರುತು ಸಿಗಲಿಲ್ಲವಾ? ನನ್ನ ಬಣ್ಣವಾ? ಕುಡಿಯದವಳು ಅಂತಲಾ? ಹೊರದೇಶದಲ್ಲಿ ಒಂಟಿಯಾಗಿರುವವರಿಗೆ ಇಂಥ ಪ್ರಶ್ನೆಗಳು ಬಂದೇ ಬರುತ್ತವೆ. ಬಂದರೆ ಬೇಗ ಹೋಗುವುದಿಲ್ಲ. ಯುರೋಪಿನ ಹೊರಗಿನಿಂದ ಬಂದವರಿಗೆ 2011ರಿಂದ ಫೀಸು ಇದೆ. ನಾನು ಸಾಲ ಮಾಡಿ ಬಂದವಳು. ಇಷ್ಟು ದುಡ್ಡು ಸುರಿದು ಈ ಮೌನ ಕೊಂಡೆನಾ ಅನ್ನಿಸಿದ ರಾತ್ರಿಗಳಿವೆ. ಫೋನಿನಲ್ಲಿ ಅಮ್ಮ "ಉಂಡ್ಯಾ ಕೂಸೇ?" ಅಂತ ಕೇಳಿದರೆ ಬೇರೆ ಏನೂ ಹೇಳದೆ "ಹೂಂ, ಉಂಡೆ" ಅನ್ನುತ್ತಿದ್ದೆ.

ಕಿರುನಾ ಹುಡುಗಿಗೆ ಹೇಳಿದೆ. ಅವಳು ಪಾತ್ರೆ ಒರೆಸುತ್ತಿದ್ದಳು. "ಅವನಿಗೆ ನಾಚಿಕೆ" ಅಂದಳು. "ಊಟದಲ್ಲಿ ಹೇಗೆ ಮಾತಾಡಬೇಕು ಅಂತ ಅವನಿಗೆ ಗೊತ್ತು. ಬಸ್ಸಿನಲ್ಲಿ ಗೊತ್ತಿಲ್ಲ. ನೀನು ಹೋಗಿ 'ತಾಕ್ ಫೊರ್ ಸೇನಾಸ್ತ್' ಅನ್ನು."

ಕಳೆದ ಸಲ ಸಿಕ್ಕಿದ್ದಕ್ಕೆ ಧನ್ಯವಾದ ಅಂತ ಅದರ ಅರ್ಥ. ಊಟ, ಪಾರ್ಟಿ ಏನಾದರೂ ಆದಮೇಲೆ ಅದೇ ಜನ ಮತ್ತೆ ಸಿಕ್ಕಾಗ ಮೊದಲು ಹೇಳುವ ಮಾತು. ನಮ್ಮಲ್ಲಿ ಹಾಗೆ ಹೇಳುವುದಿಲ್ಲ, ಹೇಳಿದರೆ ಪರಕೀಯರ ಹಾಗೆ ಮಾಡ್ತಾಳೆ ಅಂತಾರೆ. ಎರಡು ವಾರ ಕಳೆದು ಅದೇ ಬಸ್ಸಿನಲ್ಲಿ ಅವನು ಸಿಕ್ಕಿದ. ನಾನೇ ಎದ್ದು ಹೋಗಿ ಹೇಳಿದೆ. ಉಚ್ಚಾರ ಸರಿ ಇತ್ತೋ ಇಲ್ಲವೋ. ಅವನ ಮುಖ ಕೆಂಪಾಯಿತು. ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಕೂತೆ. "ನಿಮ್ಮ ತಂದೆಯ ತೋಟದಲ್ಲಿ ಈ ಸಲ ಕೊಳೆ ಬಂತಾ?" ಅಂತ ಕೇಳಿದ. ಎಲ್ಲ ನೆನಪಿತ್ತು ಅವನಿಗೆ.

ಆದರೂ ಆ ಊರು ನನಗೆ ನಿಜವಾಗಿ ಸಿಕ್ಕಿದ್ದು ಹಾಲ್‌ನಲ್ಲಿ ಕೂತಾಗ ಅಲ್ಲ, ಹಿಂದಿನ ಅಡುಗೆಮನೆಯಲ್ಲಿ. ನೇಷನ್‌ಗಳಲ್ಲಿ ಅಡುಗೆ, ಬಡಿಸುವುದು, ಪಾತ್ರೆ, ಕೋಟು ಕಾಯುವುದು, ಎಲ್ಲವನ್ನೂ ಸದಸ್ಯರೇ ಮಾಡುತ್ತಾರೆ. ಯಾರು ಬೇಕಾದರೂ ಹೆಸರು ಕೊಡಬಹುದು. ಫೆಬ್ರವರಿಯಲ್ಲಿ ನಾನು ಪಾತ್ರೆಗೆ ಹೆಸರು ಕೊಟ್ಟೆ. ನೂರಿಪ್ಪತ್ತು ಜನರ ಗಾಸ್ಕ್. ತಟ್ಟೆ ಕೆರೆದು, ನೀರು ಹೊಡೆದು, ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಜೋಡಿಸಿ ಮೆಷಿನ್ನಿಗೆ ತಳ್ಳಬೇಕು. ಬಾಗಿಲು ಎತ್ತಿದರೆ ಮುಖಕ್ಕೆ ಹಬೆ. ಬಿಸಿ ಬಿಸಿ ತಟ್ಟೆ ಎಳೆದು ಪೇರಿಸುವಷ್ಟರಲ್ಲಿ ಮುಂದಿನ ರಾಶಿ. ಬಾಗಿಲಾಚೆ ಹಾಡು ಕೇಳುತ್ತಿತ್ತು. ನಮ್ಮ ಬೆರಳೆಲ್ಲ ನೆನೆದು ಸುಕ್ಕಾಗಿತ್ತು. ಪಕ್ಕದಲ್ಲಿ ಚಮಚ ವಿಂಗಡಿಸುತ್ತಿದ್ದ ಹುಡುಗಿ ಒಳಗಿನವರ ಜೊತೆ ಇಲ್ಲಿಂದಲೇ ಹಾಡುತ್ತಿದ್ದಳು. ಯಾರೂ ನನ್ನನ್ನು ನೀನು ಎಲ್ಲಿಯವಳು ಅಂತ ಕೇಳಲಿಲ್ಲ. "ಆ ಚೌಕಟ್ಟು ಕೊಡು", "ಬಿಸಿ ಇದೆ, ಜೋಪಾನ", ಅಷ್ಟೇ. ಎಷ್ಟು ಹಾಯಾಗಿತ್ತು ಅಂದರೆ ಹೇಳೋಕಾಗಲ್ಲ.

ರಾತ್ರಿ ಒಂದು ಗಂಟೆಗೆ ಕೆಲಸ ಮುಗಿಯಿತು. ಅಡುಗೆ ಮಾಡಿದವರು, ಬಡಿಸಿದವರು, ತೊಳೆದವರು, ಎಲ್ಲ ಸ್ಟೀಲ್ ಕಟ್ಟೆಯ ಸುತ್ತ ನಿಂತೆವು. ಉಳಿದಿದ್ದ ಆಲೂಗಡ್ಡೆ, ಬೀಟ್‌ರೂಟ್, ಬ್ರೆಡ್ಡು. ಒಂದೇ ಟ್ರೇ ನಡುವೆ ಇಟ್ಟು ಹತ್ತು ಜನ ಅದರಲ್ಲೇ ತಿಂದೆವು. ಯಾರದ್ದು ಯಾವುದು ಅಂತ ಇಲ್ಲ. ಕೇಳದೆಯೇ ಒಬ್ಬ ನನ್ನ ಮುಂದೆ ಒಂದು ಲೋಟ ನೀರು ಇಟ್ಟ. ನಮ್ಮೂರಲ್ಲಿ ಮದುವೆ ಮನೆಗೆ ಬಡಿಸಲು ಹೋದವರು ಕೊನೆಯ ಹಂತಿಗೆ ಕೂರುತ್ತಾರೆ. ಹೋಳಿಗೆ ಮುರಿದಿರುತ್ತದೆ, ಅನ್ನ ಆರಿರುತ್ತದೆ. ಆದರೆ ನಗು, ತಮಾಷೆ, ಮಾತು ಎಲ್ಲ ಇರುವುದು ಆ ಹಂತಿಯಲ್ಲೇ. ಅವತ್ತಿನಿಂದ ತಿಂಗಳಿಗೆ ಎರಡು ಸಲ ಹೋದೆ. ಕೆಲಸ ಮಾಡಿದವರಿಗಾಗಿಯೇ ಆಮೇಲೊಂದು ಧನ್ಯವಾದದ ಊಟ ಇಟ್ಟರು. ಅವತ್ತು ನಾವು ಕೂತೆವು, ಬೇರೆಯವರು ಬಡಿಸಿದರು. ಸೋಮವಾರ ಬಸ್ಸಿನಲ್ಲಿ ನನ್ನ ಕಡೆ ನೋಡದೆ ಹೋದವರು ಆ ಅಡುಗೆಮನೆಯವರಲ್ಲಿ ಒಬ್ಬರೂ ಇಲ್ಲ.

ಇಷ್ಟ ಆಗದ್ದನ್ನೂ ಹೇಳಬೇಕು. ಕುಡಿತ ಜಾಸ್ತಿ. ವಾರವಿಡೀ ಬಾಯಿ ಮುಚ್ಚಿಕೊಂಡಿದ್ದವರು ಶುಕ್ರವಾರ ಒಂದೇ ರಾತ್ರಿಯಲ್ಲಿ ಎಲ್ಲ ಸುರಿದುಕೊಳ್ಳುತ್ತಾರೆ. ಜನವರಿಯಲ್ಲಿ ಒಮ್ಮೆ ಪಾರ್ಟಿ ಮುಗಿಸಿ ಬರುವಾಗ ದಾರಿ ಪಕ್ಕ ಹಿಮದ ಮೇಲೆ ಒಬ್ಬ ಹುಡುಗ ಕೂತಿದ್ದ. ಕೈಗವಸು ಇಲ್ಲ. ನಿದ್ದೆ ಬರ್ತಿದೆ, ಇಲ್ಲೇ ಮಲಗ್ತೀನಿ ಅನ್ನುತ್ತಿದ್ದ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಅಲ್ಲಿ ಮಲಗಿದರೆ ಬೆಳಿಗ್ಗೆ ಏಳುವುದಿಲ್ಲ. ನಾವು ಮೂವರು ಹುಡುಗಿಯರು ಎಬ್ಬಿಸಿ, ತೋಳಿಗೆ ತೋಳು ಕೊಟ್ಟು ಅವನ ಕಾರಿಡಾರಿನವರೆಗೂ ನಡೆಸಿದೆವು. ಜೊತೆಗಿದ್ದವರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಅವನ ಬೂಟು ಬಿಚ್ಚಿ, ಮಗ್ಗುಲಿಗೆ ಮಲಗಿಸಿ, ಬಕೆಟ್ ಇಟ್ಟು, ಪಕ್ಕದ ಕೋಣೆಯವನನ್ನು ಎಬ್ಬಿಸಿ ಹೇಳಿ ಬಂದರು. ಆ ಜೋಪಾನ ನನಗೆ ಮೆಚ್ಚುಗೆಯಾಯಿತು. ಆದರೆ ಅಷ್ಟು ಜೋಪಾನವಾಗಿ ಮಾಡುವಷ್ಟು ಅದು ಅವರಿಗೆ ಅಭ್ಯಾಸವಾಗಿತ್ತಲ್ಲ, ಅದು ಮೆಚ್ಚುಗೆಯಾಗಲಿಲ್ಲ. ನಾವು ಆ ದಾರಿಯಲ್ಲಿ ಬರದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಮ್ಮೊಮ್ಮೆ ಯೋಚನೆ ಬರುತ್ತದೆ.

ಇತ್ತೀಚೆಗೆ ಅಲ್ಲಿಗೆ ಹೊರಟಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ. "ಅಕ್ಕಾ, ಕುಡಿಯದಿದ್ದರೆ ಅಲ್ಲಿ ಫ್ರೆಂಡ್ಸ್ ಸಿಗ್ತಾರಾ?" ಸಿಗ್ತಾರೆ. ನನ್ನ ಪಾನಕದ ಲೋಟವನ್ನು ಒಬ್ಬರೂ ಬೇರೆ ಕಣ್ಣಿನಿಂದ ನೋಡಲಿಲ್ಲ. ಕುಡಿ ಅಂತ ಒತ್ತಾಯ ಮಾಡಿದವರು ನಮ್ಮ ದೇಶದವರೇ ಇಬ್ಬರು, ಸ್ವೀಡನ್ನಿನವರಲ್ಲ. ಸೇರಿಕೊಳ್ಳಬೇಕು ಅಂತ ಬೇಡದ್ದನ್ನು ಕುಡಿದು, ಆಮೇಲೆ ಕೋಣೆಯಲ್ಲಿ ಒಬ್ಬರೇ ಕೂತು ಅತ್ತವರನ್ನು ನೋಡಿದ್ದೇನೆ. ಅದಕ್ಕೇ ಹೇಳುತ್ತೇನೆ, ಮೊದಲ ತಿಂಗಳಲ್ಲೇ ಅಡುಗೆಮನೆಗೆ ಹೆಸರು ಕೊಡಿ. ಪಾತ್ರೆ ತೊಳೆಯಿರಿ. ಯಾರ ಜೊತೆ ಊಟಕ್ಕೆ ಕೂತಿದ್ದಿರೋ ಅವರು ಮತ್ತೆ ಸಿಕ್ಕರೆ ನೀವೇ ಮೊದಲು ಹೋಗಿ 'ತಾಕ್ ಫೊರ್ ಸೇನಾಸ್ತ್' ಅನ್ನಿ.

ಏಪ್ರಿಲ್ 30ರ ವಾಲ್‌ಬೊರ್ಗ್ ಹಬ್ಬದ ಬಗ್ಗೆ ಬರೆದರೆ ಇನ್ನೊಂದು ಬರಹವೇ ಆಗುತ್ತದೆ. ಊರಿಗೆ ಊರೇ ಬೀದಿಗೆ ಬರುತ್ತದೆ. ಬೆಳಿಗ್ಗೆ ಫೀರಿಸ್ ನದಿಯಲ್ಲಿ ವಿದ್ಯಾರ್ಥಿಗಳು ತಾವೇ ಕಟ್ಟಿದ ತೆಪ್ಪ ಬಿಡುತ್ತಾರೆ. ಎಷ್ಟೋ ತೆಪ್ಪ ನಡುವೆಯೇ ಮುರಿದು ಎಲ್ಲರೂ ನೀರಿಗೆ ಬೀಳುತ್ತಾರೆ. ಮಧ್ಯಾಹ್ನ ಮೂರಕ್ಕೆ ಕರೊಲೀನಾ ರೆಡಿವೀವಾ ಗ್ರಂಥಾಲಯದ ಬಾಲ್ಕನಿಯಿಂದ ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರ್ ಬಿಳಿ ಟೋಪಿ ಬೀಸುತ್ತಾರೆ. ಕೆಳಗೆ ಇಳಿಜಾರಿನ ಬೀದಿಯಲ್ಲಿ ಸಾವಿರಾರು ಬಿಳಿ ಟೋಪಿಗಳು ಒಟ್ಟಿಗೆ ಮೇಲೇಳುತ್ತವೆ. ಚಳಿಗಾಲ ಮುಗಿಯಿತು ಅಂತ. ಆ ಟೋಪಿ ಅವರಿಗೆ ಅಲ್ಲಿಯ ಹೈಸ್ಕೂಲು ಮುಗಿಸಿದಾಗ ಸಿಗುವಂಥದ್ದು, ನನ್ನ ಹತ್ತಿರ ಇರಲಿಲ್ಲ. ಕೈ ಎತ್ತಿ ಬೀಸಿದೆ. ಕಿರುನಾ ಹುಡುಗಿ ತನ್ನ ಟೋಪಿಯ ಒಂದು ಅಂಚು ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಒಂದೇ ಟೋಪಿ ಬೀಸಿದೆವು. ಬಿಯರ್ ಹಂಚಿಕೊಳ್ಳದ ಹುಡುಗಿ ಅವಳು.

ಮುಂದಿನ ಆಗಸ್ಟಿನಲ್ಲಿ ನಮ್ಮ ಕಾರಿಡಾರಿಗೆ ತೈವಾನಿನ ಹುಡುಗಿಯೊಬ್ಬಳು ಬಂದಳು. ರಾತ್ರಿ ಒಂಬತ್ತೂವರೆ. ಎರಡು ದೊಡ್ಡ ಪೆಟ್ಟಿಗೆ, ಒಂದರ ಚಕ್ರ ಮುರಿದಿತ್ತು. ಎಳೆದು ತಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಬರಲೋ ಬೇಡವೋ ಅನ್ನುವ ಹಾಗೆ. ಅವಳ ಮುಖ ನೋಡಿದ ಕೂಡಲೇ ನನಗೆ ನನ್ನ ಮೊದಲ ದಿನ ನೆನಪಾಯಿತು.

"ಕುಡಿಯೋಕೆ ಏನು ಮಾಡ್ಲಿ?" ಅಂತ ಕೇಳಿದೆ.

ಅವಳು ಗಾಬರಿಯಲ್ಲಿ ತನ್ನ ಚೀಲ ನೋಡಿಕೊಂಡಳು. "ನಾನು ಏನೂ ತಂದಿಲ್ಲ."

"ತರೋದು ಬೇಡ. ಕೂತ್ಕೋ."

ಕಷಾಯದ ಪುಡಿ ಇತ್ತು. ಹಾಲು ಬಿಸಿ ಮಾಡಿದೆ, ಬೆಲ್ಲ ಹಾಕಿದೆ. ಹಪ್ಪಳ ಮುಗಿದಿತ್ತು. ಕಿರುನಾ ಹುಡುಗಿ ತನ್ನ ಹೆಸರಿನ ಚೀಟಿ ಇದ್ದ ಡಬ್ಬಿಯಿಂದ ದಾಲ್ಚಿನ್ನಿ ಬನ್ನು ತೆಗೆದು ಒಂದು ತಟ್ಟೆಯಲ್ಲಿ ಹಾಕಿ ಮೇಜಿನ ನಡುವೆ ಇಟ್ಟಳು. ಹೊಸಬಳು ಎರಡೂ ಕೈಯಲ್ಲಿ ಲೋಟ ಹಿಡಿದು ಮ್ಮ್ ಅಂತ ಒಂದು ಗುಟುಕು ಕುಡಿದಳು. ಅಷ್ಟರಲ್ಲಿ ಹತ್ತಾಯಿತು. ಎದುರಿನ ಕಟ್ಟಡದಿಂದ ಮೊದಲ ಕೂಗು ಬಂತು. ಅವಳು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು.

ನಾನು ಎದ್ದು ಹೋಗಿ ಕಿಟಕಿ ತೆರೆದೆ. "ಬಾ" ಅಂದೆ. "ನಿನ್ನ ಭಾಷೆಯಲ್ಲೇ ಕೂಗು."